ಹೇರಮ್ ಸ್ಕೇರಮ್: 1991ರದ್ದೋ, 1993ರದ್ದೋ?

ಮೆಲೋಡಿಕ್ ಹಾರ್ಡ್ ರಾಕ್ (ಗಡಸು ಗಿಟಾರ್ ಜೊತೆ ಇಂಪಾದ ರಾಗ ಇರೋ ರಾಕ್) ಇಷ್ಟಪಟ್ಟೂ ಕೆನಡಾದ ಹೇರಮ್ ಸ್ಕೇರಮ್ ಬ್ಯಾಂಡ್ ಕೇಳದವರು ತುಂಬಾ ಜನ ಇದ್ದಾರೆ. 1991ರ ಮೊದಲ ಆಲ್ಬಮ್‌ಗೆ ಬ್ಯಾಂಡಿನದೇ ಹೆಸರು, ಎರಡನೆಯದು 1993ರ 'ಮೂಡ್ ಸ್ವಿಂಗ್ಸ್'. ಒಂದನ್ನೇ ಆರಿಸಬೇಕು ಅಂದರೆ ಕಣ್ಣು ಮುಚ್ಚಿ ಎರಡನೆಯದನ್ನೇ ತಗೊಳ್ಳಿ.

ಮೊದಲನೆಯದು ಕೆಟ್ಟದ್ದೇನಲ್ಲ. ಸಿಹಿಯಾದ ಕೋರಸ್ (ಪಲ್ಲವಿ), 'ಆನೆಸ್ಟ್ಲಿ' ಥರದ ಬ್ಯಾಲಡ್ (ನಿಧಾನದ ಭಾವುಕ ಹಾಡು) ಬೇಕಿದ್ದರೆ ಅದೇ ಸರಿ. ಆದರೆ ಆಗ ಬೇರೆ ಬ್ಯಾಂಡ್‌ಗಳೂ ಹೀಗೇ ನುಡಿಸುತ್ತಿದ್ದವು, ಅಲ್ವಾ?

'ಮೂಡ್ ಸ್ವಿಂಗ್ಸ್'ನಲ್ಲಿ ಪೀಟ್ ಲೆಸ್ಪೆರನ್ಸ್ ಗಿಟಾರ್‌ಗೆ ಜಾಸ್ತಿ ಜಾಗ ಸಿಕ್ಕಿದೆ. 'ನೋ ಜಸ್ಟಿಸ್' ಹಾಕಿ ನೋಡಿ: ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಗಡುಸಾಗಿದೆ, ಆದರೆ ಕೋರಸ್ ಬಂದ ಕೂಡಲೇ ಗಾಯಕ ಹ್ಯಾರಿ ಹೆಸ್ ದನಿಯ ಸುತ್ತ ಉಳಿದ ದನಿಗಳು ಪದರ ಪದರವಾಗಿ ಸೇರಿಕೊಂಡು ಇಡೀ ಹಾಡು ಒಮ್ಮೆಲೇ ತೆರೆದುಕೊಳ್ಳುತ್ತದೆ. 'ಜಸ್ಟ್ ಲೈಕ್ ಐ ಪ್ಲಾನ್ಡ್'ನಲ್ಲಂತೂ ವಾದ್ಯಗಳೇ ಇಲ್ಲ, ಬರೀ ದನಿ. ಹಾರ್ಡ್ ರಾಕ್ ಆಲ್ಬಮ್‌ನಲ್ಲಿ ಇಂಥದ್ದು ಮಾಡೋಕೆ ಧೈರ್ಯ ಬೇಕು! ಗ್ರಂಜ್ ಅನ್ನೋ ಒರಟು ರಾಕ್ ಶೈಲಿಯ ಅಬ್ಬರದ ಕಾಲದಲ್ಲಿ ಬಂದು ಇದು ಮೂಲೆಗೆ ಬಿದ್ದಿದ್ದಕ್ಕೆ ನನಗೆ ಇವತ್ತಿಗೂ ಬೇಜಾರು.

2013ರಲ್ಲಿ ಹೊಸ ಹಾಡುಗಳನ್ನೂ ಸೇರಿಸಿ ಇದನ್ನೇ ಮತ್ತೆ ರೆಕಾರ್ಡ್ ಮಾಡಿದರು. ಅದು ಆಮೇಲಿರಲಿ, ಮೊದಲು 1993ರದ್ದನ್ನೇ ಕೇಳಿ.