ಕಮ್ಯುನಿಟಿ ಕಾಲೇಜಿನ ಪುಕ್ಕಟೆ ಟ್ಯೂಟರಿಂಗ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಹೇಳಿಕೊಡುವ ಹುಡುಗರ ತಪ್ಪಿಗಲ್ಲ. ಅದು ಯಾಕೆ ಅಂತ ಮುಂದೆ ಬರುತ್ತದೆ.

ನಾನು ಹಾಸನದಲ್ಲಿ ಬಿ.ಕಾಂ. ಮಾಡಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದೆ. ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾ ಇರುವ ಗಂಡನ ಜೊತೆಗೆ ಬರುವ ಹೆಂಡತಿಯ ವೀಸಾದಲ್ಲಿ, ಐದು ವರ್ಷ ಮನೆಯಲ್ಲೇ ಇದ್ದೆ. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜಿಗೆ, ಸೇರಿಕೊಂಡೆ. ಈ ವೀಸಾದಲ್ಲಿ ಸುಮ್ನೆ ಹೋಗಿ ಕೆಲಸಕ್ಕೆ ಸೇರುವಂತಿಲ್ಲ, ಆದರೆ ಓದಬಹುದು. ಇಲ್ಲಿಯ ನಿವಾಸಿ ಅಂತ ಲೆಕ್ಕಕ್ಕೆ ಬಂದರೆ ಫೀಸು ಯೂನಿಟ್‌ಗೆ (ಕೋರ್ಸಿನ ಗಾತ್ರದ ಅಳತೆ) 46 ಡಾಲರ್. ನನ್ನ ನಾಲ್ಕು ಯೂನಿಟ್‌ನ ಸ್ಟ್ಯಾಟಿಸ್ಟಿಕ್ಸ್‌ಗೆ 184 ಆಯಿತು, ಮೇಲೆ ಸಣ್ಣಪುಟ್ಟ ಖರ್ಚು. ಹೊರಗೆ ಟ್ಯೂಷನ್ ಹೇಳುವವರೊಬ್ಬರು ಗಂಟೆಗೆ 60 ಡಾಲರ್ ಕೇಳಿದ್ದರು. ಮೂರು ಗಂಟೆ ಕೂತರೆ ಇಡೀ ಕೋರ್ಸಿನ ಫೀಸು ಹೋಯಿತು!

ಮೊದಲಾದರೆ ನನ್ನಂಥವರನ್ನು ಕೆಳಗಿನ ಮಟ್ಟದ ಗಣಿತದ ಕ್ಲಾಸುಗಳಲ್ಲಿ ಕೂರಿಸಿ, ಆಮೇಲೆ ಮೇಲಕ್ಕೆ ಬಿಡುತ್ತಿದ್ದರಂತೆ. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂದ ಮೇಲೆ ಅದು ಬಹಳ ಮಟ್ಟಿಗೆ ನಿಂತಿದೆ. ಯೂನಿವರ್ಸಿಟಿಯಲ್ಲೂ ಲೆಕ್ಕಕ್ಕೆ ಬರುವ ಕ್ಲಾಸಿಗೇ ನೇರವಾಗಿ ಹಾಕುತ್ತಾರೆ. ಸಮಯ, ದುಡ್ಡು ಎರಡೂ ಉಳಿಯುತ್ತದೆ, ನಿಜ. ಆದರೆ ಹನ್ನೆರಡು ವರ್ಷ ಗಣಿತ ಮುಟ್ಟದವಳಿಗೆ ಎರಡನೇ ವಾರವೇ ತಲೆ ಗಿರ್ ಅಂತು. ಹಾಗೆ ಟ್ಯೂಟರಿಂಗ್ ಸೆಂಟರ್ ಹುಡುಕಿಕೊಂಡು ಹೋದೆ.

ಒಂದು ವಿಚಿತ್ರ ನೋಡಿ. ಅಲ್ಲಿ ಕೂರಬೇಕಾದರೂ ಒಂದು ‘ಕೋರ್ಸಿಗೆ’ ಸೇರಬೇಕು. ಸೊನ್ನೆ ಯೂನಿಟ್, ಸೊನ್ನೆ ಫೀಸು. ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಒಂದು ಸಲ ಐಡಿ ನಂಬರ್ ಒತ್ತಬೇಕು. ಆ ಗಂಟೆಗಳ ಲೆಕ್ಕ ತೋರಿಸಿ ಕಾಲೇಜು ರಾಜ್ಯ ಸರ್ಕಾರದಿಂದ ದುಡ್ಡು ಪಡೆಯುತ್ತದೆ. ಹೊರಗೆ ಬರುವಾಗ ಒತ್ತುವುದನ್ನು ಮರೆತರೆ ಕೌಂಟರಿನ ಆಂಟಿ ಬೈಯುತ್ತಾರೆ. ನಾನು ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಹೇಳಿಕೊಡುವವರು ಅದೇ ಕಾಲೇಜಿನ ಹುಡುಗ ಹುಡುಗಿಯರು. ಆ ಕೋರ್ಸಿನಲ್ಲಿ ಒಳ್ಳೆಯ ಗ್ರೇಡ್ ಬಂದಿರಬೇಕು, ಮೇಷ್ಟ್ರು ಹೆಸರು ಸೂಚಿಸಿರಬೇಕು. ಆಮೇಲೆ ತರಬೇತಿಯೂ ಉಂಟು. ಮೊದಲ ಪಾಠವೇ ಉತ್ತರ ಹೇಳಿಕೊಡಬಾರದು ಅಂತ ಇರಬೇಕು! ನನಗೆ ಇದು ಮೊದಮೊದಲು ವಿಪರೀತ ಸಿಟ್ಟು ತರಿಸಿತು. ನಮ್ಮೂರಿನ ಟ್ಯೂಷನ್ನಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು, ಮುಗೀತು. ಇಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ನನ್ನನ್ನೇ ಪ್ರಶ್ನೆ ಕೇಳುತ್ತಾ ಕೂತಿದ್ದ. ‘ತಮ್ಮಾ, ಗೊತ್ತಿದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ’ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಆ ದಿನ ಸಿಕ್ಕಿಹಾಕಿಕೊಂಡಿದ್ದು ಸ್ಟ್ಯಾಟಿಸ್ಟಿಕ್ಸ್‌ನ ಪಿ-ವ್ಯಾಲ್ಯೂ ಅನ್ನುವ ಲೆಕ್ಕದಲ್ಲಿ. ಕ್ಯಾಲ್ಕುಲೇಟರ್ ಒತ್ತಿದರೆ 0.03 ಬರುತ್ತದೆ, ಗಡಿಯಾದ 0.05ಕ್ಕಿಂತ ಕಡಿಮೆ, ‘ರಿಜೆಕ್ಟ್’ ಅಂತ ಬರೆಯುತ್ತಿದ್ದೆ. ಯಾವುದನ್ನು ರಿಜೆಕ್ಟ್ ಮಾಡಿದ್ದು ಅಂತ ಕೇಳಿದ. ಬಾಯಿಂದ ಮಾತು ಬರಲಿಲ್ಲ. ಜೇಬಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದು ಮೇಜಿನ ಮೇಲಿಟ್ಟ. ‘ಇದನ್ನು ಹತ್ತು ಸಲ ಚಿಮ್ಮಿ ಒಂಬತ್ತು ಸಲ ಹೆಡ್ ಬಿದ್ದರೆ ನನ್ನ ಮೇಲೆ ಅನುಮಾನ ಬರುತ್ತಾ?’ ಬಂದೇ ಬರುತ್ತದೆ ಅಂದೆ. ‘ನಾಣ್ಯದಲ್ಲಿ ಮೋಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ಹೆಡ್ ಬೀಳುವುದು ಎಷ್ಟು ಅಪರೂಪ?’ ಕಾಗದದ ಮೇಲೆ ನನ್ನ ಕೈಯಿಂದಲೇ ಲೆಕ್ಕ ಹಾಕಿಸಿದ. ಹತ್ತು ಸಲ ಚಿಮ್ಮಿದರೆ ಒಟ್ಟು 1024 ಬಗೆ. ಒಂಬತ್ತು ಹೆಡ್ ಬೀಳುವುದು 10 ಬಗೆಯಲ್ಲಿ, ಹತ್ತೂ ಹೆಡ್ 1. ಒಟ್ಟು 11, ನೂರಕ್ಕೆ ಒಂದರ ಹತ್ತಿರ. ‘ಇದೇ ನಿಮ್ಮ ಪಿ-ವ್ಯಾಲ್ಯೂ’ ಅಂದ. ‘ನಾಣ್ಯ ಪ್ರಾಮಾಣಿಕ’ ಅನ್ನುವಂಥ ಮಾತನ್ನೇ ನಾನು ಅಷ್ಟು ದಿನ ರಿಜೆಕ್ಟ್ ಮಾಡುತ್ತಿದ್ದುದು ಅಂತ ಆಗ ಹೊಳೆಯಿತು. ಕಾರಿನಲ್ಲಿ ಕೂತು ಒಬ್ಬಳೇ ನಕ್ಕೆ.

ಅಲ್ಲಿಂದಾಚೆ ಖಾಲಿ ಪುಸ್ತಕ ಹಿಡಿದು ಹೋಗಿಲ್ಲ. ಲೆಕ್ಕವನ್ನು ಅರ್ಧ ಮಾಡಿ, ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿಕೊಂಡು ಹೋಗುತ್ತೇನೆ. ನೀವೂ ಹಾಗೇ ಹೋಗಿ. ಇಲ್ಲದಿದ್ದರೆ ಅರ್ಧ ಗಂಟೆ ಪ್ರಶ್ನೆ ಓದುವುದರಲ್ಲೇ ಕಳೆಯುತ್ತದೆ.

ಇಂಗ್ಲಿಷ್ ಪ್ರಬಂಧಕ್ಕೆ ಬೇರೆ ರೈಟಿಂಗ್ ಸೆಂಟರ್ ಇದೆ. ವ್ಯಾಕರಣ ತಿದ್ದಿಕೊಡುತ್ತಾರೆ ಅಂದುಕೊಂಡು ಹೋಗಬೇಡಿ, ತಿದ್ದುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಅದೇ ಬೇಕಿತ್ತು, ಏನು ಮಾಡುವುದು.

ಈಗ ಆ ಒಂದು ಸ್ಟಾರ್ ವಿಷಯ. ಫೈನಲ್ಸ್ (ಸೆಮಿಸ್ಟರ್ ಕೊನೆಯ ಪರೀಕ್ಷೆ) ವಾರ ಐವತ್ತು ನಿಮಿಷ ಕಾದು ಹತ್ತು ನಿಮಿಷ ಸಿಕ್ಕಿದ್ದುಂಟು. ರಾತ್ರಿ ಹೊತ್ತಿಗೆ ಹೊರಗಿನ ಕಂಪನಿಯೊಂದರ ಆನ್‌ಲೈನ್ ಟ್ಯೂಟರಿಂಗ್ ಇದೆ. ಮಗಳು ಮಲಗಿದ ಮೇಲೆ ನಾಲ್ಕು ಸಲ ನೋಡಿದೆ. ನಮ್ಮ ಮೇಷ್ಟ್ರು ಹೇಳಿಕೊಡುವ ರೀತಿ ಅವರಿಗೆ ಗೊತ್ತಿಲ್ಲ, ಪ್ರತಿ ಸಲ ಹೊಸಬರು, ಮೊದಲಿನಿಂದ ಕಥೆ ಹೇಳಬೇಕು. ಐದನೇ ಸಲ ಹೋಗಲಿಲ್ಲ.

ಜಾಸ್ತಿ ಬೇಜಾರು ಬೇರೆಯೇ ಇದೆ. ಇಲ್ಲಿಯವರು ಎರಡು ಮೂರು ವರ್ಷ ಓದಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಹೋಗುತ್ತಾರೆ. ಟ್ಯೂಟರ್‌ಗಳೂ ಅವರೇ ಅಲ್ವಾ? ಚೆನ್ನಾಗಿ ಹೇಳಿಕೊಡುವುದನ್ನು ಕಲಿತ ಹೊತ್ತಿಗೆ ಹೊರಟಿರುತ್ತಾರೆ. ನಾಣ್ಯದ ಹುಡುಗನೂ ಹೋದ. ಮುಂದಿನ ಸೆಮಿಸ್ಟರ್ ಅವನ ಜಾಗದಲ್ಲಿದ್ದ ಹುಡುಗಿ ಪಾಪ ನನಗಿಂತ ಜಾಸ್ತಿ ಹೆದರಿದ್ದಳು. ಎರಡು ತಿಂಗಳಲ್ಲಿ ಸರಿಹೋದಳು.

ಹೋದ ಸೆಮಿಸ್ಟರ್ ಅಕೌಂಟಿಂಗ್ ಮೇಡಂ ‘ನೀನೇ ಟ್ಯೂಟರ್ ಆಗು’ ಅಂದರು. ಅದು ಸಂಬಳದ ಕೆಲಸ. ಎಚ್-4ರಲ್ಲಿ ಅದಕ್ಕೆ ಇಎಡಿ ಕಾರ್ಡ್, ಅಂದರೆ ಕೆಲಸ ಮಾಡಲು ಸರ್ಕಾರದ ಪರವಾನಗಿ, ಬೇಕು. ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿದೆ, ಅದರ ಮೇಲೆ ಇಎಡಿಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ. ಮೇಡಂ ಈಗಲೂ ಸಿಕ್ಕಾಗಲೆಲ್ಲ ಕಾರ್ಡ್ ಬಂತಾ ಅಂತ ಕೇಳುತ್ತಾರೆ.