ಹತ್ತು ಮಳೆಗಾಲ ದಾಟಿದ ಮೆಟಲ್ ರೂಫ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಹಳೆಯ ಹೆಂಚು ಇಳಿಸಿ ಮನೆಗೆ ಬಣ್ಣದ ಸ್ಟೀಲ್ ಶೀಟು ಹಾಕಿಸಿ ಹತ್ತು ವರ್ಷದ ಮೇಲಾಯಿತು. ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಹಾಕಿದ ದುಡ್ಡು ದಂಡ ಆಗಲಿಲ್ಲ ತಾನೇ? ಖಂಡಿತ ಇಲ್ಲ. ಒಂದು ಹನಿ ಸೋರಿಲ್ಲ, ಹೆಂಚು ತಿರುವಿ ಹಾಕುವ ವರ್ಷದ ಖರ್ಚೂ ತಪ್ಪಿದೆ. ಆದರೆ ಎಲ್ಲರೂ ಶೀಟಿನ ರೇಟನ್ನಷ್ಟೇ ಹಿಡಿದು ಲೆಕ್ಕ ಹಾಕುತ್ತಾರೆ. ಚಾವಣಿ ಎಷ್ಟು ವರ್ಷ ಬಾಳುತ್ತದೆ ಅನ್ನೋದು ಹೆಚ್ಚಾಗಿ ಸ್ಕ್ರೂ, ಅಂಚಿನ ಪಟ್ಟಿ ಮತ್ತು ಗೋಡೆಗೆ ಸೇರುವ ಜಾಗದ ಕೆಲಸದ ಮೇಲೆ ನಿಂತಿದೆ. ಕೊಟೇಶನ್‌ನಲ್ಲಿ ಇವು ಕೊನೆಯ ಸಾಲಿನಲ್ಲಿ ಇರುತ್ತವೆ, ಚೌಕಾಸಿಯಲ್ಲಿ ಮೊದಲು ಕತ್ತರಿ ಬೀಳುವುದೂ ಇವಕ್ಕೇ.

ಮೊದಲು ಶೀಟಿನ ವಿಷಯ ಹೇಳಿಬಿಡುತ್ತೇನೆ. ನಮ್ಮದು ಗ್ಯಾಲ್ವಲ್ಯೂಮ್. ಸ್ಟೀಲಿನ ಮೇಲಿರುವ ಲೇಪನದಲ್ಲಿ ತೂಕದ ಲೆಕ್ಕದಲ್ಲಿ 55% ಅಲ್ಯೂಮಿನಿಯಂ, 43% ಚಿಲ್ಲರೆ ಸತು, ಉಳಿದ ಸ್ವಲ್ಪ ಸಿಲಿಕಾನ್. ಅಲ್ಯೂಮಿನಿಯಂ ಬಾಳಿಕೆ ಕೊಡುತ್ತದೆ. ಗೀರು ಬಿದ್ದ ಕಡೆ ಸತು ತಾನು ಸವೆದು ಸ್ಟೀಲನ್ನು ಕಾಯುತ್ತದೆ. ಬರೀ ಸತು ಲೇಪಿಸಿದ ಜಿಐ ಶೀಟು ಅಗ್ಗ, ಸಾಮಾನ್ಯವಾಗಿ ತುಕ್ಕು ಬೇಗ. ಕೊಟೇಶನ್‌ನಲ್ಲಿ 'ಎಜಡ್ 150' ಅಂತ ಇದ್ದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪನ ಎಂದು ಅರ್ಥ. ದಪ್ಪ 0.5 ಮಿ.ಮೀ. ಅಂದರೆ ಬರೀ ಸ್ಟೀಲೋ, ಲೇಪನ ಬಣ್ಣ ಎಲ್ಲ ಸೇರಿಯೋ ಅಂತ ಕೇಳಿ ಬರೆಸಿಕೊಳ್ಳಿ. ಇಬ್ಬರ ರೇಟಿನಲ್ಲಿ ಕಾಣುವ ವ್ಯತ್ಯಾಸ ಎಷ್ಟೋ ಸಲ ಇಲ್ಲೇ ಅಡಗಿರುತ್ತದೆ.

ತೂಕದಲ್ಲಿ ಆಗುವ ಉಳಿತಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಶೀಟು ಚದರ ಮೀಟರಿಗೆ ನಾಲ್ಕೈದು ಕೆಜಿ. ಹೆಂಚು ಅದರ ಎಂಟು ಹತ್ತು ಪಟ್ಟು. ಹಾಗಾಗಿ ಕೆಳಗಿನ ಕಟ್ಟು ಹಗುರ ಇದ್ದರೂ ನಡೆಯುತ್ತದೆ. ಆದರೆ ಹಗುರ ಚಾವಣಿಯನ್ನು ಗಾಳಿ ಎತ್ತುತ್ತದೆ. ಅಂಚಿನಲ್ಲಿ, ಮೂಲೆಗಳಲ್ಲಿ ಸ್ಕ್ರೂ ಒತ್ತೊತ್ತಾಗಿ ಬೀಳಲೇಬೇಕು.

ಈಗ ಸ್ಕ್ರೂ. ಪ್ರತಿ ಸ್ಕ್ರೂ ಅಂದರೆ ಶೀಟಿಗೆ ಒಂದು ತೂತು. ಅದನ್ನು ಮುಚ್ಚಿರುವುದು ಇಪಿಡಿಎಂ ರಬ್ಬರಿನ ಪುಟ್ಟ ವಾಷರ್. ಸರಿಯಾಗಿ ಬಿಗಿದಿದ್ದರೆ ಲೋಹದ ತಟ್ಟೆಯ ಅಂಚಿನಲ್ಲಿ ರಬ್ಬರು ಕೂದಲೆಳೆಯಷ್ಟು ಇಣುಕುತ್ತದೆ. ಜಾಸ್ತಿ ಬಿಗಿದರೆ ಉಬ್ಬಿ ಹೊರಗೆ ಬಂದು ಬಿಸಿಲಿಗೆ ಬಿರಿಯುತ್ತದೆ. ಸಡಿಲ ಇದ್ದರೆ ಅಡಿಯಿಂದ ನೀರು ನುಗ್ಗುತ್ತದೆ. ಈ ವರ್ಷ ಮಾಡು ಹತ್ತಿ ಉಗುರಿನಿಂದ ಒತ್ತಿ ನೋಡಿದೆ. ಮಧ್ಯಾಹ್ನದ ಬಿಸಿಲು ಬೀಳುವ ಇಳಿಜಾರಿನಲ್ಲಿ ರಬ್ಬರು ಗಟ್ಟಿಯಾಗಿದೆ, ಕೆಲವು ಕಡೆ ಸಣ್ಣ ಬಿರುಕೂ ಇದೆ. ನೆರಳಿನ ಕಡೆ ಇನ್ನೂ ಮೆತ್ತಗಿದೆ. ಅದೇ ಸ್ಕ್ರೂ, ಅದೇ ವಯಸ್ಸು.

ಬಿಸಿಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. 10 ಮೀಟರ್ ಉದ್ದದ ಸ್ಟೀಲ್ ಶೀಟು 50 ಡಿಗ್ರಿ ಬಿಸಿ ಏರಿದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ದಿನಾ ಹೀಗೆ ಎಳೆದಾಡಿದರೆ ಸ್ಕ್ರೂವಿನ ತೂತು ನಿಧಾನವಾಗಿ ದೊಡ್ಡದಾಗುತ್ತದೆ. ಶೀಟು ನಲವತ್ತು ವರ್ಷ ಬಂದೀತು, ವಾಷರ್ ಅಷ್ಟು ಬಾರದು. ನಡುವೆ ಒಮ್ಮೆಯಾದರೂ ಒಂದು ಗಾತ್ರ ದಪ್ಪದ ಸ್ಕ್ರೂ ಹಾಕಿ ಎಲ್ಲ ಬದಲಾಯಿಸುವ ಕೂಲಿಯನ್ನು ಇವತ್ತೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಾನು ಸೇರಿಸಿಟ್ಟಿದ್ದೇನೆ. ಆ ಮೇಲೂ ಹೆಂಚಿನ ರಿಪೇರಿಗಿಂತ ಕಮ್ಮಿಯೇ ಆಗುತ್ತದೆ.

ಮಳೆಯ ಸದ್ದು ಜೋರು ಅಂತ ಹೆದರಿಸುವವರು ಬಹಳ ಮಂದಿ. ಶೀಟಿನ ಕೆಳಗೆ ಇನ್ಸುಲೇಷನ್ (ಕಾವು, ಸದ್ದು ತಡೆಯುವ ಪದರ), ಅದರ ಕೆಳಗೆ ಸೀಲಿಂಗ್ ಇದ್ದರೆ ಮಾತಾಡಲು ತೊಂದರೆ ಇಲ್ಲ. ಇನ್ಸುಲೇಷನ್ ಬಿಟ್ಟು ದುಡ್ಡು ಉಳಿಸುವ ಯೋಚನೆ ಮಾತ್ರ ಬೇಡ. ಬೇಸಿಗೆಯ ಕಾವಿಗಿಂತ ದೊಡ್ಡ ಕಾಟ ಅಂದರೆ ಚಳಿಯ ಬೆಳಗಿನ ಬೆವರು. ಮನೆಯೊಳಗಿನ ತೇವದ ಗಾಳಿ ತಣ್ಣನೆಯ ಲೋಹಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಜನ ಅದನ್ನೇ ಸೋರಿಕೆ ಅಂದುಕೊಂಡು ಮೇಲೆಲ್ಲ ಸಿಲಿಕೋನ್ ಬಳಿಯುತ್ತಾರೆ. ರಿಡ್ಜ್‌ನಲ್ಲಿ, ಅಂದರೆ ಚಾವಣಿಯ ನೆತ್ತಿಯಲ್ಲಿ, ಗಾಳಿ ಹೊರಹೋಗಲು ದಾರಿ ಇರಲಿ. ಬಣ್ಣ ತಿಳಿಯದ್ದೇ ಇರಲಿ, ಕಾವು ನಿಜವಾಗಿಯೂ ಕಮ್ಮಿಯಾಗುತ್ತದೆ.

ನಿರ್ವಹಣೆ ಅಂದರೆ ಎಲೆ ಗುಡಿಸುವುದು, ಮಳೆನೀರು ಹರಿಯುವ ದೋಣಿ ಶುಚಿ ಮಾಡುವುದು. ಜೊತೆಗೆ ಕೆಲವು ಎಚ್ಚರ. ತಾಮ್ರದ ಕೊಳವೆ ಇರುವ ಎಸಿಯ ನೀರು ಶೀಟಿನ ಮೇಲೆ ಬೀಳಬಾರದು, ಲೇಪನ ತಿಂದುಹೋಗುತ್ತದೆ. ಹಸಿ ಸಿಮೆಂಟೂ ಹಾಗೇ. ಮೇಲೆ ಕೂತು ಗ್ರೈಂಡರ್‌ನಲ್ಲಿ ಕತ್ತರಿಸಲು ಬಿಡಬೇಡಿ. ಕಿಡಿಗೆ ಬಣ್ಣ ಸುಡುತ್ತದೆ, ಉದುರಿದ ಕಬ್ಬಿಣದ ಪುಡಿ ಒಂದೇ ಮಳೆಗೆ ತುಕ್ಕಿನ ಚುಕ್ಕೆ ಬಿಡುತ್ತದೆ. ಕೈ ಕತ್ತರಿ ಅಥವಾ ನಿಬ್ಲರ್ (ಶೀಟನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಬಳಸಲಿ.

ಬಣ್ಣ ನಮ್ಮಲ್ಲಿ ಮಂಕಾಗಿದೆ, ಬೆರಳಿನಿಂದ ಉಜ್ಜಿದರೆ ಪುಡಿ ಬರುತ್ತದೆ. ಇದು ಪಾಲಿಯೆಸ್ಟರ್ ಬಣ್ಣ. ಪಿವಿಡಿಎಫ್ ಬಣ್ಣ ದುಬಾರಿ, ಆದರೆ ಬಿಸಿಲಿಗೆ ಹೆಚ್ಚು ಕಾಲ ನಿಲ್ಲುತ್ತದೆ. ಅಂದಕ್ಕೆ ತಲೆ ಕೆಡಿಸಿಕೊಳ್ಳದಿದ್ದರೆ ಪಾಲಿಯೆಸ್ಟರ್ ಸಾಕು. ವಾರಂಟಿ ಓದುವಾಗ ಬಣ್ಣ ಮಾಸುವುದಕ್ಕೋ, ಶೀಟು ತೂತಾಗುವುದಕ್ಕೋ ನೋಡಿ. ಸಮುದ್ರದ ಹತ್ತಿರದ ಮನೆಯಾದರೆ ಷರತ್ತುಗಳನ್ನು ಎರಡು ಸಲ ಓದಿ, ಉಪ್ಪುಗಾಳಿಯನ್ನು ಹೊರಗಿಟ್ಟಿರುವುದೇ ಜಾಸ್ತಿ.

ನಾಲ್ಕೈದು ವರ್ಷದಲ್ಲಿ ಮನೆ ಮಾರುವವರಿಗೆ ಇಷ್ಟು ಖರ್ಚು ಬೇಕಿಲ್ಲ ಅನ್ನಿಸುತ್ತದೆ. ಉಳಿಯುವವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ನೆಮ್ಮದಿಯ ಚಾವಣಿ ಇಲ್ಲ. ಹಿಂದಿನ ಕೋಣೆಗೆ ಈಗ ಹೊಸ ಮಾಡು ಆಗಬೇಕಿದೆ. ಅಲ್ಲಿ ಇಳಿಜಾರು ಕಮ್ಮಿ, ನೀರು ನಿಧಾನ ಹರಿಯುತ್ತದೆ. ಹಾಗಾಗಿ ಅಲ್ಲಿಗೆ ಸ್ಟ್ಯಾಂಡಿಂಗ್ ಸೀಮ್, ಅಂದರೆ ಅಂಚುಗಳನ್ನು ಮೇಲಕ್ಕೆ ಮಡಿಸಿ ಒಂದಕ್ಕೊಂದು ಸೇರಿಸುವ ಶೀಟು, ಹಾಕಿಸುತ್ತಿದ್ದೇನೆ. ಕ್ಲಿಪ್ಪು ಶೀಟಿನ ಮಡಿಕೆಯ ಒಳಗಿರುತ್ತದೆ, ಶೀಟಿನ ಹರವಿನಲ್ಲಿ ಸ್ಕ್ರೂವಿನ ತೂತು ಬೀಳುವುದಿಲ್ಲ, ಹಿಗ್ಗಲು ಜಾಗ ಇರುತ್ತದೆ. ರೇಟು ಜಾಸ್ತಿ, ಕೆಲಸ ಬಲ್ಲವರೂ ಕಮ್ಮಿ. ಬಲ್ಲವರು ಸಿಗುವವರೆಗೆ ಕಾಯುತ್ತೇನೆ.