ಡಾಮಿನಾರ್ 400ಕ್ಕೆ ಹಿಮಾಲಯನ್‌ನ ಲಗೇಜ್ ರ‍್ಯಾಕ್: ಎರಡು ಬಾರಿ ಜೋಡಿಸಿದ ಅನುಭವ

ನನ್ನ ಬಜಾಜ್ ಡಾಮಿನಾರ್ 400 2019ರ ಮಾದರಿಯದು. ಆ ವರ್ಷ ಕಂಪನಿ ಈ ಬೈಕಿಗೆ 40 ಪಿಎಸ್ ಶಕ್ತಿಯ ಎಂಜಿನ್, ಮುಂದೆ 43 ಮಿ.ಮೀ.ನ ದಪ್ಪ ಫೋರ್ಕ್, ಎರಡು ಬಾಯಿಯ ಸೈಲೆನ್ಸರ್ ಎಲ್ಲವನ್ನೂ ಕೊಟ್ಟಿತು. ಸಾಮಾನು ಕಟ್ಟಿಕೊಳ್ಳಲು ಮಾತ್ರ ಸೀಟಿನಡಿ ಮಡಚಿಟ್ಟ ಬಂಜಿ ಪಟ್ಟಿಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕಾರ್ಖಾನೆಯಿಂದಲೇ ಟೂರಿಂಗ್ ಪರಿಕರಗಳನ್ನು ಹೊತ್ತು ಬರುವ ಡಾಮಿನಾರ್ 2021ರ ಅಕ್ಟೋಬರಿನಲ್ಲಷ್ಟೇ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ನಾನು ಬ್ಯಾಗನ್ನು ಸೀಟಿನ ಮೇಲೆ ಕಟ್ಟಿಕೊಂಡು ಹಲವು ಪ್ರವಾಸ ಮುಗಿಸಿದ್ದೆ, ಮತ್ತು ಹಿಂದೆ ಕೂರುವ ಹೆಂಡತಿಗೆ ಜಾಗವಿಲ್ಲದ ಪ್ರವಾಸ ಸಾಕೆನಿಸಿತ್ತು. ಸಾಮಾನು ಸೀಟಿನಿಂದ ಇಳಿದು ಬೈಕಿನ ಎರಡೂ ಮಗ್ಗುಲಿಗೆ ಹೋಗಬೇಕು ಎಂಬುದಷ್ಟೇ ನನ್ನ ಅಗತ್ಯವಾಗಿತ್ತು.

ರ‍್ಯಾಕ್ ಸಿಕ್ಕಿದ್ದು ಗೆಳೆಯನಿಂದ. ಅವನು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮಾರಿ 2023ರ ನವೆಂಬರಿನಲ್ಲಿ ಬಿಡುಗಡೆಯಾದ ಹಿಮಾಲಯನ್ 450 ಕೊಂಡಿದ್ದ. ಹೆಸರು ಒಂದೇ ಆದರೂ ಎರಡೂ ಬೈಕುಗಳ ಚೌಕಟ್ಟು ಬೇರೆಬೇರೆ. ಹಳೆಯದರ ಪ್ಯಾನಿಯರ್ (ಬೈಕಿನ ಮಗ್ಗುಲಿಗೆ ಹಾಕುವ ಚೀಲ) ರ‍್ಯಾಕ್ ಹೊಸದಕ್ಕೆ ಕೂರುವುದಿಲ್ಲ. ಹಾಗಾಗಿ ಅವನ ಮನೆಯ ಅಟ್ಟದಲ್ಲಿದ್ದ ಜೋಡಿ ರ‍್ಯಾಕನ್ನು 2,500 ರೂಪಾಯಿ ಕೊಟ್ಟು ತಂದೆ. ಇದು ಎನ್‌ಫೀಲ್ಡ್‌ನ ತಯಾರಿಕೆಯಲ್ಲ, ಬೇರೆ ಪರಿಕರ ತಯಾರಕರದ್ದು. ಪೈಪಿನ ಹೊರವ್ಯಾಸ 19 ಮಿ.ಮೀ. ಇದೆ, ಎರಡೂ ಸೇರಿ ಮನೆಯ ತಕ್ಕಡಿಯಲ್ಲಿ 4.2 ಕಿಲೋ ತೂಗಿದವು. ವಸ್ತುವಾಗಿ ನೋಡಿದರೆ ಇದು ನಿಜಕ್ಕೂ ಒಳ್ಳೆಯ ಕೆಲಸ: ಬೆಸುಗೆಯ ಸಾಲು ಎಲ್ಲೂ ತುಂಡಾಗಿಲ್ಲ, ಮೂಲೆಗಳಲ್ಲಿ ಪೈಪು ಚಪ್ಪಟೆಯಾಗದೆ ಬಾಗಿದೆ, ಐದು ಮಳೆಗಾಲ ಕಂಡರೂ ಹೊರಮೈಯ ಪೌಡರ್ ಕೋಟಿಂಗ್ ಎದ್ದಿಲ್ಲ. ನಾನು ಕಂಡ ಒಂದೇ ಕೊರತೆ ಎಂದರೆ ಕೆಳಗಿನ ಪೈಪಿನ ತುದಿಗಳಿಗೆ ಮುಚ್ಚಳವಿಲ್ಲದೆ ಒಳಗೆ ನೀರು ನಿಂತು ತುಕ್ಕು ಹಿಡಿದಿರುವುದು. ಅದನ್ನು ಉಜ್ಜಿ, ಎಣ್ಣೆ ಸವರಿ, ಹತ್ತು ರೂಪಾಯಿಯ ರಬ್ಬರ್ ಬಿರಡೆ ಒತ್ತಿದ್ದಾಯಿತು.

ಇನ್ನೊಂದು ಬೈಕಿನ ರ‍್ಯಾಕನ್ನು ಕೂರಿಸುವಾಗ ನಾವೆಲ್ಲ ಮೊದಲು ನೋಡುವುದು ತೂತುಗಳು ಹೊಂದುತ್ತವೆಯೇ ಎಂದು. ನಾನೂ ಅದನ್ನೇ ಮಾಡಿದೆ, ಅದು ತಪ್ಪಾಯಿತು. ಮೊದಲು ನೋಡಬೇಕಾದದ್ದು ಆ ರ‍್ಯಾಕ್ ಯಾವ ಬೈಕಿನ ಮೈಗೆ ತಕ್ಕಂತೆ ಬಾಗಿದೆ ಎಂಬುದನ್ನು. ಹಿಮಾಲಯನ್ 411ರ ಸೈಲೆನ್ಸರ್ ಬಲಬದಿಯಲ್ಲಿ ಮೇಲ್ಮುಖವಾಗಿ ಏರುತ್ತದೆ. ಅದಕ್ಕೆ ದಾರಿ ಬಿಡಲೆಂದು ಬಲಗಡೆಯ ರ‍್ಯಾಕನ್ನು ಎಡಗಡೆಯದಕ್ಕಿಂತ ಹೊರಕ್ಕೆ ಚಾಚಿ ಮಾಡಿರುತ್ತಾರೆ. ಡಾಮಿನಾರ್‌ನ ಸೈಲೆನ್ಸರ್ ಕೆಳಗೇ, ಗಿಡ್ಡಕ್ಕೆ ಮುಗಿಯುವುದರಿಂದ ಆ ಚಾಚು ಇಲ್ಲಿ ಅನಗತ್ಯ. ಎರಡೂ ಕಡೆ ಒಂದೇ ಅಳತೆಯ ಬುಷ್ (ಚೌಕಟ್ಟಿನಿಂದ ಅಂತರ ಕೊಡಲು ಬೋಲ್ಟಿಗೆ ತೂರಿಸುವ ಟೊಳ್ಳು ತುಂಡು) ಕೊಟ್ಟು ಕೂರಿಸಿದರೆ ಬಲಗಡೆಯ ಚೀಲ ಎಡಗಡೆಯದಕ್ಕಿಂತ ಎರಡು ಬೆರಳು ಹೊರಗೆ ನಿಲ್ಲುತ್ತದೆ. ಸವಾರನಿಗೆ ಇದು ಕಣ್ಣಿಗೆ ಬೀಳದು; ಆದರೆ ಸಂದಿಯಲ್ಲಿ ಬೈಕು ನುಗ್ಗಿಸುವಾಗ ಲಾರಿಯ ಬಂಪರಿಗೆ ತಾಗುವುದು ಅದೇ ಎರಡು ಬೆರಳು. ಕೊನೆಗೆ ಎಡಕ್ಕೆ 42 ಮಿ.ಮೀ., ಬಲಕ್ಕೆ 18 ಮಿ.ಮೀ. ಉದ್ದದ ಬುಷ್ ಹಾಕಿದಾಗ ಎರಡೂ ಬದಿ ನಡುಗೆರೆಯಿಂದ ಸಮದೂರಕ್ಕೆ ಬಂದವು.

ಮೊದಲ ಜೋಡಣೆ ಸೋತ ಬಗೆಯನ್ನು ವಿವರವಾಗಿಯೇ ಹೇಳಬೇಕು. ಮನೆಯ ಹತ್ತಿರದ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯೊಂದರಲ್ಲಿ 800 ರೂಪಾಯಿಗೆ, ಬೈಕಿಗೂ ಅದಕ್ಕೂ ಕೊಂಡಿಯಾಗುವ ಬ್ರಾಕೆಟ್ ಮಾಡಿಸಿದೆ. ಅಲ್ಲಿಯ ಕೆಲಸಗಾರರು 3 ಮಿ.ಮೀ. ಪಟ್ಟಿಯನ್ನು ಎಲ್ ಆಕಾರಕ್ಕೆ ಬಾಗಿಸಿ, ಸರಿಯಾಗಿ ಆ ಬಾಗಿನ ಮೇಲೆಯೇ ಬೆಸುಗೆ ಹಾಕಿ, ಅರ್ಧ ದಿನದಲ್ಲಿ ಕೊಟ್ಟರು. ಕೈಯಲ್ಲಿ ಹಿಡಿದು ಅಲುಗಾಡಿಸಿದಾಗ ಗಟ್ಟಿಯಾಗಿಯೇ ಇತ್ತು. ಎರಡೂ ಬದಿಗೆ ಏಳೇಳು ಕಿಲೋದ ಕ್ಯಾನ್ವಾಸ್ ಚೀಲ ಹಾಕಿ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದಾಗ ನೀರುದೋಸೆಗೆಂದು ನಿಂತೆವು. ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಒಮ್ಮೆ ಬಗ್ಗಿ ನೋಡುವ ಅಭ್ಯಾಸ ನನಗಿದೆ. ಎಡಗಡೆಯ ಮೇಲಿನ ಬ್ರಾಕೆಟ್ಟಿನ ಬಾಗಿನಲ್ಲಿ, ಬೆಸುಗೆ ಮುಗಿಯುವ ಅಂಚಿನುದ್ದಕ್ಕೂ, ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ ಕಂಡಿತು. ಮಂಜಿನ ನೀರು ಆಗಲೇ ಒಳಹೊಕ್ಕು ಹೊಸ ತುಕ್ಕು ಹೊರಬಂದಿತ್ತು. ಉಗುರಿನಿಂದ ಗೀರಿದಾಗ ಬಣ್ಣದ ಚಕ್ಕೆ ಉದುರಿ, ಕೆಳಗೆ ಪಟ್ಟಿಯ ಅಗಲದ ಮುಕ್ಕಾಲು ಭಾಗ ಬಿರುಕು ಬಿಟ್ಟಿರುವುದು ತಿಳಿಯಿತು. ಚೀಲಗಳನ್ನು ಬಿಚ್ಚಿ ಅಲ್ಲಿಂದಲೇ ಬಸ್ಸಿನಲ್ಲಿ ಕಳಿಸಿಕೊಟ್ಟು, ರ‍್ಯಾಕನ್ನು ಹಗ್ಗದಿಂದ ಬಿಗಿದು, ಘಾಟಿಯ ಆಸೆ ಬಿಟ್ಟು ಹಿಂತಿರುಗಿದೆವು. ಆ ಬ್ರಾಕೆಟ್ ಘಾಟಿಯ ತಿರುವಿನಲ್ಲಿ ತುಂಡಾಗಿ ಚೀಲ ಹಿಂಬದಿಯ ಚಕ್ರಕ್ಕೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಬಿರುಕಿಗೆ ತೂಕವೊಂದೇ ಕಾರಣವಲ್ಲ. ಏಳು ಕಿಲೋ ನಿಂತಲ್ಲಿ ನಿಂತಿದ್ದರೆ ಆ ಪಟ್ಟಿಗೆ ಲೆಕ್ಕಕ್ಕೇ ಅಲ್ಲ. ಆದರೆ ರಸ್ತೆಯ ಪ್ರತಿ ಕುಳಿಯಲ್ಲೂ ಚೀಲ ಒಳಕ್ಕೂ ಹೊರಕ್ಕೂ ತೊನೆಯುತ್ತದೆ, ಅದರ ಜೊತೆಗೆ ಎಂಜಿನ್ನಿನ ಸಣ್ಣ ನಡುಕವೂ ಸೇರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡರಿಸುವಂತೆಯೇ ಲೋಹ ದಣಿಯುತ್ತದೆ. ಆ ದಣಿವು ಸೇರುವುದು ಅತಿ ಗಡುಸಾದ ಮತ್ತು ಅತಿ ಮೃದುವಾದ ಭಾಗಗಳು ಕೂಡುವ ಅಂಚಿನಲ್ಲಿ, ಎಂದರೆ ಬೆಸುಗೆಯ ಬುಡದಲ್ಲಿ. ಬಾಗಿನ ಮೇಲೆಯೇ ಬೆಸುಗೆ ಹಾಕಿದ್ದರಿಂದ ಎರಡು ದೌರ್ಬಲ್ಯಗಳು ಒಂದೇ ಗೆರೆಯಲ್ಲಿ ಬಂದು ನಿಂತಿದ್ದವು. ಇದಕ್ಕಿಂತ ದೊಡ್ಡ ತಪ್ಪು ನನ್ನದು: ಹಿಮಾಲಯನ್‌ನಲ್ಲಿ ಎಡ ಬಲದ ರ‍್ಯಾಕುಗಳನ್ನು ಹಿಂದುಗಡೆ ಜೋಡಿಸುವ ಅಡ್ಡಪೈಪು ಇತ್ತು, ಅದು ನನ್ನ ಬೈಕಿನ ಮಡ್‌ಗಾರ್ಡಿಗೆ ತಾಗುತ್ತದೆಂದು ನಾನು ಬಿಟ್ಟುಬಿಟ್ಟಿದ್ದೆ. ಅಡ್ಡಪೈಪಿಲ್ಲದ ರ‍್ಯಾಕ್ ಎಂದರೆ ಒಂದೇ ತಿರುಗಣೆಯ ಮೇಲೆ ನಿಂತ ಬಾಗಿಲು.

ಎರಡನೆಯ ಬಾರಿ ಬೆಂಗಳೂರಿನ ಪೀಣ್ಯದ ಒಂದು ಪುಟ್ಟ ಲೇತ್ ಕಾರ್ಯಾಗಾರಕ್ಕೆ ಹೋದೆ. ಅಲ್ಲಿಯ ಹಿರಿಯ ಮೇಸ್ತ್ರಿ ಬೈಕು ನೋಡುವ ಮೊದಲು ಮುರಿದ ಬ್ರಾಕೆಟ್ ಕೇಳಿದರು. ಅದನ್ನು ಬೆಳಕಿಗೆ ಹಿಡಿದು, ‘ಇದು ತೂಕಕ್ಕೆ ಮುರಿದಿಲ್ಲ ಸಾರ್, ಕುಣಿದೂ ಕುಣಿದೂ ಮುರಿದಿದೆ’ ಎಂದರು. ನಂತರ ರಟ್ಟನ್ನು ಕತ್ತರಿಸಿ ಬೈಕಿಗೆ ಹಿಡಿದು, ತಿದ್ದಿ, ಮತ್ತೆ ಕತ್ತರಿಸಿ, ಮೂರನೆಯ ರಟ್ಟು ಒಪ್ಪಿಗೆಯಾದ ಮೇಲೆಯೇ ಕಬ್ಬಿಣಕ್ಕೆ ಕೈಹಾಕಿದರು. ಈ ಬಾರಿ ಪಟ್ಟಿ 5 ಮಿ.ಮೀ. ದಪ್ಪದ್ದು, ಬಾಗಿನ ಒಳಗೆ ತ್ರಿಕೋನದ ಆನಿಕೆ ತುಂಡು ಇದೆ, ಬೆಸುಗೆ ಬಾಗಿನಿಂದ ದೂರದಲ್ಲಿದೆ. ಬುಷ್‌ಗಳು 22 ಮಿ.ಮೀ. ವ್ಯಾಸದವು, ಎರಡೂ ಮುಖಗಳನ್ನು ಲೇತಿನಲ್ಲಿ ನೇರವಾಗಿ ಕಡೆದಿದ್ದಾರೆ. ಬುಷ್ ಉದ್ದವಾದಷ್ಟೂ ಬೋಲ್ಟನ್ನು ಬಾಗಿಸುವ ಬಲ ಹೆಚ್ಚುವುದರಿಂದ, ಅಗಲ ಮುಖದ ಬುಷ್ ಚೌಕಟ್ಟಿಗೆ ಒತ್ತಿ ಕೂತು ಆ ಬಲವನ್ನು ತಾನು ಹೊರಬೇಕು. ತೆಳು ಪೈಪಿನ ತುಂಡನ್ನು ಹ್ಯಾಕ್‌ಸಾದಿಂದ ಕೊಯ್ದು ಬುಷ್ ಎಂದು ತೂರಿಸಿದರೆ ಆ ಹೊರೆಯೆಲ್ಲ ಬೋಲ್ಟಿನ ಮರೆಗಳ (ತಿರುಪಿನ ಸುತ್ತುಗೆರೆಗಳ) ಮೇಲೆ ಬೀಳುತ್ತದೆ. ಹಿಂದಿನ ಅಡ್ಡಪೈಪನ್ನು ನಂಬರ್ ಪ್ಲೇಟಿನ ಒಳಬದಿಯಿಂದ ಸುತ್ತು ಹಾಕಿಸಿ ಕೂರಿಸಿದರು; ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರ್ ಯಾವುದೂ ಮರೆಯಾಗಿಲ್ಲ. ಬೆಸುಗೆಯೆಲ್ಲವೂ ಬೈಕಿನಿಂದ ಬಿಚ್ಚಿಟ್ಟ ತುಂಡುಗಳ ಮೇಲೆಯೇ ನಡೆಯಿತು. ಬೈಕಿನ ಮೇಲೆ ಇಟ್ಟುಕೊಂಡೇ ವೆಲ್ಡಿಂಗ್ ಮಾಡಲು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ. ಆ ವಿದ್ಯುತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಬ್ಯಾಟರಿಗೆ ಹಾನಿ ಮಾಡಬಲ್ಲದು.

ಬೋಲ್ಟಿನ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೈಕಿನ ಪರಿಕರಕ್ಕೆಂದು ಕೇಳಿದರೆ ಫಳಫಳಿಸುವ ಸ್ಟೇನ್‌ಲೆಸ್ ಬೋಲ್ಟು ಮೊದಲು ಕೈಗೆ ಬರುತ್ತದೆ. ಅದು ತುಕ್ಕು ಹಿಡಿಯದು, ನಿಜ. ಆದರೆ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟು, ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಉಕ್ಕಿನ ಬೋಲ್ಟಿಗಿಂತ ಬಲದಲ್ಲಿ ಕಡಿಮೆ. ಹೊರೆ ಹೊರುವ ಜಾಗಕ್ಕೆ 8.8 ಗ್ರೇಡಿನ ಎಂ8 (8 ಮಿ.ಮೀ. ವ್ಯಾಸದ) ಬೋಲ್ಟು, ನೈಲಾಕ್ ನಟ್ಟು (ಸುಲಭಕ್ಕೆ ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್ಟು), ದಪ್ಪ ವಾಷರ್ ಬೇಕು. ಬಿಗಿಸುವ ಕ್ರಮವೂ ಅಷ್ಟೇ ಮುಖ್ಯ: ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಕೂರಿಸಿ, ರ‍್ಯಾಕ್ ತಾನಾಗಿ ತನ್ನ ಜಾಗ ಹಿಡಿದ ಮೇಲೆಯೇ ಒಂದೊಂದಾಗಿ ಬಿಗಿಸಬೇಕು. ಒಂದನ್ನು ಪೂರ್ತಿ ಬಿಗಿಸಿ ಇನ್ನೊಂದರ ತೂತಿಗೆ ರ‍್ಯಾಕನ್ನು ಜಗ್ಗಿ ಹೊಂದಿಸಿದರೆ, ಚೀಲ ಹಾಕುವ ಮುನ್ನವೇ ಬ್ರಾಕೆಟ್ ಎಳೆತದಲ್ಲಿರುತ್ತದೆ. ನಾನು ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತಿಳಿಸುವ ಸ್ಪ್ಯಾನರ್) ಹಿಡಿದು ಹೊಸ ಬ್ರಾಕೆಟ್ಟಿನ ನಟ್ಟು ಬೋಲ್ಟುಗಳನ್ನು 25 ನ್ಯೂಟನ್ ಮೀಟರಿಗೆ ಬಿಗಿಸಿದೆ. ಚೌಕಟ್ಟಿನ ಮೂಲ ಮರೆಗಳಿಗೆ ಹೋಗುವ ಬೋಲ್ಟುಗಳಿಗೆ ಬೈಕಿನ ಸರ್ವಿಸ್ ಪುಸ್ತಕದ ಅಳತೆಯನ್ನೇ ಪಾಲಿಸಿದೆ.

ಈ ಜೋಡಣೆಯೊಂದಿಗೆ ಅದೇ ದಾರಿಯಲ್ಲಿ ಮತ್ತೆ ಹೊರಟು, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ, ಗುಂಡ್ಯದ ಮೇಲೆ ಶಿರಾಡಿ ಹತ್ತಿ ಸಕಲೇಶಪುರದಿಂದ ಮನೆ ಸೇರಿದೆವು. ಹಿಂದಿನ ಮೊನೊಶಾಕ್‌ನ ಪ್ರೀಲೋಡನ್ನು, ಎಂದರೆ ಸ್ಪ್ರಿಂಗಿನ ಬಿಗಿಯನ್ನು, ಎರಡು ಮೆಟ್ಟಿಲು ಏರಿಸಿದ್ದೆ. ಘಾಟಿಯ ತಿರುವುಗಳಲ್ಲಿ ಬೈಕು ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳಲು ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಆದರೆ ಹೊರಳಿದ ಮೇಲೆ ಸ್ಥಿರವಾಗಿರುತ್ತದೆ. ಚೀಲಗಳು ಹಿಂದಿನ ಚಕ್ರದ ಆಕ್ಸೆಲ್‌ಗಿಂತ ಮುಂದಕ್ಕೆ ಇದ್ದಷ್ಟೂ ಒಳ್ಳೆಯದು. ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಓಡಿಸಿ ನೋಡಿದಾಗ ಗಂಟೆಗೆ 90 ಕಿ.ಮೀ. ವೇಗದಲ್ಲೇ ಹ್ಯಾಂಡಲ್ ಹಗುರಾಯಿತು, ಎದುರು ಬಸ್ಸಿನ ಗಾಳಿಗೆ ಮುಂದಿನ ಭಾಗ ಓಲಾಡಿತು. ಮುಂದಕ್ಕೆ ಸರಿಸಿದರೆ ಹಿಂದೆ ಕೂತವರ ಹಿಮ್ಮಡಿ ಚೀಲಕ್ಕೆ ತಾಗುತ್ತದೆ. ಇದು ಈ ಜೋಡಣೆಯ ನಿಜವಾದ ಮಿತಿ, ಏಕೆಂದರೆ ರ‍್ಯಾಕಿನ ಚೌಕಟ್ಟು ಬೇರೊಂದು ಬೈಕಿನ ಫುಟ್‌ಪೆಗ್ಗಿನ ಲೆಕ್ಕದಲ್ಲಿ ಬಾಗಿದೆ. ನನ್ನ ಹೆಂಡತಿಯ ಪಾದ ಚಿಕ್ಕದು, ಅವಳಿಗೆ ತೊಂದರೆಯಾಗಲಿಲ್ಲ. ತಮ್ಮ ಕೂತಾಗ ಅರ್ಧ ಗಂಟೆಗೇ ಕಾಲು ಸರಿಸಲು ಜಾಗವಿಲ್ಲವೆಂದ.

ಎರಡನೆಯ ಕೆಲಸಕ್ಕೆ 1,900, ಬ್ರಾಕೆಟ್ಟುಗಳ ಪೌಡರ್ ಕೋಟಿಂಗ್‌ಗೆ 500, ಬೋಲ್ಟು ನಟ್ಟುಗಳಿಗೆ 240 ರೂಪಾಯಿ ಆಯಿತು. ರ‍್ಯಾಕಿನ ಬೆಲೆ, ಮೊದಲು ಕಳೆದ 800, ಬಿರಡೆಗಳ ಹತ್ತು ರೂಪಾಯಿ ಸೇರಿಸಿದರೆ ಒಟ್ಟು 5,950. ಹಣ ಉಳಿಸಲೆಂದು ಯಾರೂ ಈ ದಾರಿ ಹಿಡಿಯಬೇಕಿಲ್ಲ. ನಿಮ್ಮ ಬೈಕಿಗೆಂದೇ ಮಾಡಿದ ರ‍್ಯಾಕ್ ಸಿಗುವುದಾದರೆ ಅದನ್ನೇ ಕೊಳ್ಳಿ. ಒಳ್ಳೆಯ ರ‍್ಯಾಕ್ ಕೈಗೆ ಸಿಕ್ಕಿದೆ, ಒಳ್ಳೆಯ ಲೇತ್ ಕೆಲಸಗಾರರ ಪರಿಚಯವಿದೆ, ಎರಡು ಭಾನುವಾರ ಬಿಡುವಿದೆ ಎನ್ನುವವರಿಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಬಿಗಿಸಿದ ದಿನ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿದ್ದೆ. 2,100 ಕಿ.ಮೀ. ಓಡಿದ ನಂತರ ಕಳೆದ ವಾರ ಟಾರ್ಚು ಹಿಡಿದು ನೋಡಿದಾಗ ಎಲ್ಲ ಗೆರೆಗಳೂ ನೇರವಾಗಿದ್ದವು, ಬಲಗಡೆಯ ಕೆಳಗಿನದು ಮಾತ್ರ ಎಳ್ಳಿನಷ್ಟು ಸರಿದಿತ್ತು. ಅಲ್ಲಿ ವಾಷರಿನ ಕೆಳಗೆ ಪೌಡರ್ ಕೋಟಿಂಗ್ ದಪ್ಪವಾಗಿ ಕೂತಿದ್ದು, ಒತ್ತಡಕ್ಕೆ ತಗ್ಗಿ ನಟ್ಟು ಸಡಿಲಾಗಿತ್ತು. ಬಣ್ಣವನ್ನು ಲೋಹದವರೆಗೆ ಕೆರೆದು, ಹೊಸ ನೈಲಾಕ್ ನಟ್ಟು ಹಾಕಿ ಬಿಗಿಸಿ, ಹೊಸ ಗೆರೆ ಎಳೆದಿದ್ದೇನೆ.